ಹತ್ತುವಾಗ ಬೆವರು, ಇಳಿಯುವಾಗ ಚಳಿ: ಸೈಕಲ್ ಜಾಕೆಟ್ ಆರಿಸುವುದು ಹೇಗೆ?

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರದ ಸುತ್ತಮುತ್ತ ಬೆಳಗ್ಗೆ ಐದೂವರೆಗೇ ಸೈಕಲ್ ದೀಪಗಳು ಕಾಣಿಸುತ್ತವೆ. ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆಂದು ಬಂದವರು ಕೆಲವರು. ಮುದ್ದೇನಹಳ್ಳಿ ಕಡೆ ಒಂದು ಸುತ್ತು ಹೊಡೆದು ಬರುವ ಊರಿನವರು ಕೆಲವರು. ಯಾರು ಎಲ್ಲಿ ಒದ್ದಾಡುತ್ತಾರೆ ಎಂದು ಬಟ್ಟೆ ನೋಡಿಯೇ ಹೇಳಿಬಿಡಬಹುದು. ಸ್ವೆಟರ್ ಮೇಲೆ ದಪ್ಪ ಜಾಕೆಟ್ ಹಾಕಿದವರು ಬೆಟ್ಟದ ಮೊದಲ ತಿರುವುಗಳಲ್ಲೇ ಬೆವರಿನಲ್ಲಿ ಮಿಂದಿರುತ್ತಾರೆ. ಬರೀ ಟೀ ಶರ್ಟ್‌ನಲ್ಲಿ ಬಂದವರ ಹಲ್ಲು ಇಳಿಯುವಾಗ ಕಟಕಟ ಅನ್ನುತ್ತಿರುತ್ತದೆ.

ಜಾಕೆಟ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಬೆಚ್ಚಗಿರುತ್ತೆ?’ ಎಂದು. ಕಾಶ್ಮೀರಕ್ಕೆ ಹೊರಟವರು ಹಾಗೆ ಕೇಳಲಿ. ನಮ್ಮ ಬಯಲುಸೀಮೆಯಲ್ಲಿ ಸೈಕಲ್ ತುಳಿಯುವವರನ್ನು ನಡುಗಿಸುವುದು ಹೆಚ್ಚಾಗಿ ಅವರದೇ ಬೆವರು, ಅದಕ್ಕೆ ಬಡಿಯುವ ಗಾಳಿ. ಹಾಗಾಗಿ ಕೇಳಬೇಕಾದ್ದು ಎರಡೇ: ಗಾಳಿ ತಡೆಯುತ್ತಾ? ಬೇಡವಾದಾಗ ಮಡಚಿ ಜೇಬಿಗೆ ಹಾಕಬಹುದಾ?

ಮೊದಲು ನಿಮ್ಮ ದಾರಿಯ ಲೆಕ್ಕ ಹಾಕಿ

ಚಿಕ್ಕಬಳ್ಳಾಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಂದಿ ಬೆಟ್ಟದ ತುದಿ 1,478 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಅಂದರೆ ಕೆಳಗಿಗಿಂತ ಮೇಲೆ ಮೂರೂವರೆ, ನಾಲ್ಕು ಡಿಗ್ರಿ ಕಡಿಮೆ. ಜೊತೆಗೆ ಮಂಜು, ಬೀಸುಗಾಳಿ. ಈ ಲೆಕ್ಕ ಒಮ್ಮೊಮ್ಮೆ ತಲೆಕೆಳಗಾಗುವುದೂ ಉಂಟು. ಮೋಡ, ಗಾಳಿ ಎರಡೂ ಇಲ್ಲದ ಮಾಗಿಯ ಬೆಳಗಿನಲ್ಲಿ ತಣ್ಣನೆಯ ಗಾಳಿ ತಗ್ಗಿನಲ್ಲಿ ಬಂದು ಕೂರುತ್ತದೆ. ಆಗ ಬೆಟ್ಟದ ಅರ್ಧಕ್ಕಿಂತ ಕಂದವಾರ ಕೆರೆಯ ಪಕ್ಕದಲ್ಲೇ ಚಳಿ ಜಾಸ್ತಿ.

ಇನ್ನು ಮೈಯ ಲೆಕ್ಕ. ತುಳಿಯಲು ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್‌ಗೆ ಹೋಗುವುದು ಹೆಚ್ಚೆಂದರೆ ಕಾಲು ಭಾಗ. ಉಳಿದ ಮುಕ್ಕಾಲು ಶಾಖವಾಗಿ ಮೈಯಲ್ಲೇ ಹುಟ್ಟುತ್ತದೆ. ಏರಿನಲ್ಲಿ ಗಂಟೆಗೆ ಎಂಟು–ಹತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಆ ಶಾಖವನ್ನು ಒಯ್ಯಲು ಎದುರುಗಾಳಿಯೂ ಇರುವುದಿಲ್ಲ. ಇಳಿಯುವಾಗ ಎಲ್ಲ ಉಲ್ಟಾ. ತುಳಿತ ನಿಂತಿತು, ಶಾಖ ನಿಂತಿತು, ವೇಗ 40ಕ್ಕೆ ಹೋಯಿತು. ಹವೆ 10 ಡಿಗ್ರಿ ಇದ್ದಾಗ ಗಂಟೆಗೆ 40 ಕಿಲೋಮೀಟರ್ ಗಾಳಿ ಬಡಿದರೆ ಒಣ ಚರ್ಮಕ್ಕೇ ಅದು 6 ಡಿಗ್ರಿಯಂತೆ ಅನಿಸುತ್ತದೆ. ನಿಮ್ಮದು ಒದ್ದೆ ಚರ್ಮ. ಉಳಿದದ್ದು ನೀವೇ ಊಹಿಸಿ.

ಹಾಗಾಗಿ ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಎಷ್ಟು ಗಂಟೆಗೆ ಹೊರಡುತ್ತೀರಿ, ದಾರಿಯಲ್ಲಿ ದೊಡ್ಡ ಇಳಿಜಾರು ಇದೆಯೇ, ಯಾವ ತಿಂಗಳುಗಳಲ್ಲಿ ಹೆಚ್ಚು ತುಳಿಯುತ್ತೀರಿ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೋಗುವವರ ಜಾಕೆಟ್ ಬೆಟ್ಟ ಹತ್ತುವವರದರಂತೆಯೇ ಇರಬೇಕಾಗಿಲ್ಲ. ಅವರು ಒಂದೇ ಹದದಲ್ಲಿ ತುಳಿಯುತ್ತಾರೆ. ಸ್ವಲ್ಪ ದಪ್ಪ ಇದ್ದರೂ ನಡೆಯುತ್ತದೆ.

ಗಾಳಿಗೋ, ಮಳೆಗೋ?

ಹಣ ಹಾಳಾಗುವುದು ಇಲ್ಲೇ. ‘ಫುಲ್ ವಾಟರ್‌ಪ್ರೂಫ್ ಸಾರ್, ಚಳಿಗೂ ಆಗುತ್ತೆ, ಮಳೆಗೂ ಆಗುತ್ತೆ’ ಎನ್ನುತ್ತಾರೆ ಅಂಗಡಿಯವರು. ಆಗುತ್ತೆ, ಸುಮ್ನೆ ನಿಂತವರಿಗೆ. ತುಳಿಯುವವರು ಅಗ್ಗದ ರೇನ್‌ಕೋಟ್ ಒಳಗೆ, ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟ ಬಿಸಿ ಇಡ್ಲಿ ಹಾಗೆ, ತಮ್ಮ ಹಬೆಯಲ್ಲೇ ಒದ್ದೆಯಾಗುತ್ತಾರೆ.

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ತೆಳು ವಿಂಡ್‌ಚೀಟರ್. ಒಳ್ಳೆಯದು 100–150 ಗ್ರಾಂ ತೂಗುತ್ತದೆ, ಮುಷ್ಟಿಯಷ್ಟಾಗಿ ಮಡಚಿಕೊಳ್ಳುತ್ತದೆ. ಗಾಳಿ ತಡೆಯುತ್ತದೆ. ಇಬ್ಬನಿ, ಹತ್ತು ನಿಮಿಷದ ತುಂತುರು ತಡೆದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಎರಡನೆಯದು ಸಾಫ್ಟ್‌ಶೆಲ್. ಹೊರಗೆ ಗಾಳಿ ತಡೆಯುವ ಬಟ್ಟೆ, ಒಳಗೆ ಮೆತ್ತನೆಯ ತುಪ್ಪಳದಂಥ ಪದರ. ಬೆಚ್ಚಗಿರುತ್ತದೆ, ಹಿಗ್ಗುತ್ತದೆ, ಆದರೆ ಮಡಚಿ ಜೇಬಿಗೆ ಹೋಗುವುದಿಲ್ಲ. ಮೂರನೆಯದು ನಿಜವಾದ ಮಳೆ ಜಾಕೆಟ್. ಇದರ ಬಟ್ಟೆಯ ಒಳಗೊಂದು ತೆಳು ಪೊರೆ ಇರುತ್ತದೆ. ನೀರಿನ ಹನಿ ಅದನ್ನು ದಾಟಿ ಒಳಬರಲಾರದು, ಬೆವರಿನ ಆವಿ ಮಾತ್ರ ಹೊರಹೋಗುತ್ತದೆ. ಬಾಬ್ ಗೋರ್ 1969ರಲ್ಲಿ ಕಂಡುಹಿಡಿದ, ಆಮೇಲೆ ಗೋರ್‌ಟೆಕ್ಸ್ ಎಂದು ಹೆಸರಾದ ವಸ್ತು ಇಂಥ ಪೊರೆಯೇ. ಆದರೆ ಹೊರಗಿನ ಗಾಳಿಯೇ ತೇವದಿಂದ ತುಂಬಿದ್ದರೆ ಆವಿ ಹೊರಹೋಗುವುದು ನಿಧಾನವಾಗುತ್ತದೆ. ಮಂಜು ಕವಿದ ಬೆಟ್ಟದಲ್ಲಿ ದುಬಾರಿ ಜಾಕೆಟ್ ಕೂಡ ಒಳಗಿನಿಂದ ಒದ್ದೆ ಎನಿಸುವುದು ಇದಕ್ಕೇ.

ಒಂದನ್ನೇ ಕೊಳ್ಳುವುದಾದರೆ ನನ್ನ ಮತ ವಿಂಡ್‌ಚೀಟರ್‌ಗೆ. ತೋಳು ಬಿಚ್ಚಿ ತೆಗೆಯಬಹುದಾದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹತ್ತುವಾಗ ತೋಳಿಲ್ಲದ ಕೋಟು, ಇಳಿಯುವಾಗ ಪೂರ್ತಿ ಜಾಕೆಟ್. ಎದೆಭಾಗ ಗಾಳಿ ತಡೆಯುವ ಬಟ್ಟೆ, ಬೆನ್ನು ಜಾಲರಿ ಇರುವಂಥದ್ದೂ ಸಿಗುತ್ತದೆ. ಗಾಳಿ ಬರುವುದು ಮುಂದಿನಿಂದ, ಬೆನ್ನು ಉಸಿರಾಡಲಿ ಎಂಬುದು ಅದರ ಲೆಕ್ಕ. ಮಳೆ ಜಾಕೆಟ್ ಬೇಕೇ ಬೇಕಾಗುವುದು ಅಕ್ಟೋಬರ್–ನವೆಂಬರ್‌ನಲ್ಲೂ ತುಳಿಯುವವರಿಗೆ. ಆಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ದಿನಗಟ್ಟಲೆ ಸೋನೆ ಹಿಡಿಯುತ್ತದೆ, ಮೂಡಗಾಳಿಯ ಥಂಡಿ ಬೇರೆ. 2021ರ ನವೆಂಬರ್ ಮಳೆಯನ್ನು ಕೋಲಾರ, ಚಿಕ್ಕಬಳ್ಳಾಪುರದ ಜನ ಇನ್ನೂ ಮರೆತಿಲ್ಲ. ಅಂಥ ದಿನ ಗೋಣಿಚೀಲದ ಕೊಪ್ಪೆ ಹೊದ್ದು ತೋಟಕ್ಕೆ ಹೋಗುವವರೇ ಜಾಣರು. ಸೈಕಲ್ ಮನೆಯಲ್ಲಿರಲಿ.

ಮೋಟಾರ್‌ಬೈಕಿನ ರೈಡಿಂಗ್ ಜಾಕೆಟ್ ಮನೆಯಲ್ಲೇ ಇದೆಯಲ್ಲ ಎಂದು ಅದನ್ನೇ ಹಾಕಿ ಹೊರಡಬೇಡಿ. ಅದು ಬಿದ್ದಾಗ ಕಾಪಾಡಲು ಹೊಲಿದದ್ದು, ತುಳಿಯುವವರಿಗಲ್ಲ.

ಲೇಬಲ್ ಓದಿ, ಇಲ್ಲದಿದ್ದರೆ ಊದಿ

ಮಳೆ ಜಾಕೆಟ್‌ನ ಲೇಬಲ್ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಮಿಲಿಮೀಟರ್ ಲೆಕ್ಕದಲ್ಲಿ. 10,000 ಮಿ.ಮೀ. ಎಂದಿದ್ದರೆ, ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ ಬಿದ್ದರೂ ಸೋರುವುದಿಲ್ಲ ಎಂದರ್ಥ. ಸೋನೆಗೆ 5,000 ಸಾಕು. ಹೊಡೆದು ಸುರಿಯುವ ಮಳೆಗೆ 10,000 ಇರಲಿ. ಇನ್ನೊಂದು ಅಂಕಿ ಗ್ರಾಂ ಲೆಕ್ಕದ್ದು. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಆವಿ ಹೊರಹೋಗುತ್ತದೆ ಎಂದು ಅದು ಹೇಳುತ್ತದೆ. ಸೈಕಲ್‌ಗೆ ಇದೇ ಮುಖ್ಯ, 10,000ಕ್ಕಿಂತ ಕಡಿಮೆ ಇದ್ದರೆ ಬಿಡಿ. ಈ ಎರಡನೇ ಅಂಕಿಯನ್ನು ಎಲ್ಲೂ ಹಾಕಿಲ್ಲ ಅಂದರೆ ಅದೂ ಒಂದು ಉತ್ತರವೇ, ಅಲ್ವಾ?

ಜಾಕೆಟ್ ತಿರುವಿ ಒಳಗಿನ ಹೊಲಿಗೆ ನೋಡಿ. ಹೊಲಿಗೆಯ ಮೇಲೆ ಉದ್ದಕ್ಕೂ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಸೂಜಿ ತೂತುಗಳಿಂದಲೇ ನೀರು ಇಳಿಯುತ್ತದೆ.

ಲೇಬಲ್ಲೇ ಇಲ್ಲದ ವಿಂಡ್‌ಚೀಟರ್‌ಗೆ ಬೇರೆ ಉಪಾಯ. ಬಟ್ಟೆಯನ್ನು ಬಾಯಿಗೆ ಬಿಗಿಯಾಗಿ ಹಿಡಿದು ಜೋರಾಗಿ ಊದಿ. ಆ ಕಡೆ ಅಂಗೈಗೆ ಗಾಳಿ ಸಲೀಸಾಗಿ ತಾಗಿದರೆ ಇಳಿಜಾರಿನಲ್ಲೂ ಅಷ್ಟೇ ಸಲೀಸಾಗಿ ಒಳಬರುತ್ತದೆ. ಚೂರೂ ಹೋಗದಿದ್ದರೆ ಬೆವರೂ ಹೋಗುವುದು ಕಷ್ಟ. ಕಷ್ಟಪಟ್ಟು ಊದಿದಾಗ ಸ್ವಲ್ಪ ಹೋಗುವಂಥದ್ದು ನಮ್ಮ ಹವೆಗೆ ಸರಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಹಾಕಿ ನೋಡುವುದು ಕನ್ನಡಿ ಮುಂದಲ್ಲ

ನೆಟ್ಟಗೆ ನಿಂತಾಗ ಚೆನ್ನಾಗಿ ಕೂರುವ ಜಾಕೆಟ್ ಸೈಕಲ್ ಮೇಲೆ ಕೆಟ್ಟದಾಗಿ ಕೂರುತ್ತದೆ. ಸವಾರಿಗೆ ಒಳಗೆ ಹಾಕುವ ಬಟ್ಟೆಯನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ಆಗುವುದಾದರೆ ಅಲ್ಲೇ ಒಂದು ಸೈಕಲ್ ಮೇಲೆ ಕೂರಿ. ಇಲ್ಲವೇ ಮುಂದಕ್ಕೆ ಬಾಗಿ ಹ್ಯಾಂಡಲ್ ಹಿಡಿದಂತೆ ಕೈ ಚಾಚಿ. ತೋಳು ಮಣಿಕಟ್ಟು ಬಿಟ್ಟು ಮೇಲೇರಬಾರದು. ಬೆನ್ನಿನ ತುದಿ ಸೊಂಟದ ಕೆಳಗಿರಬೇಕು. ಹಿಂದೆ ಉದ್ದ, ಮುಂದೆ ಗಿಡ್ಡ ಹೊಲಿದಿರುವುದು ಇದಕ್ಕೇ. ಹೊಟ್ಟೆಯ ಬಳಿ ಬಟ್ಟೆ ಗುಡ್ಡೆಯಾಗಬಾರದು. ಜಿಪ್ ಪೂರ್ತಿ ಎಳೆದ ಮೇಲೂ ಕತ್ತಿನ ಹತ್ತಿರ ಒಂದು ಬೆರಳು ಆಡಬೇಕು.

ಯೂರೋಪಿನ ರೇಸ್ ಅಳತೆಯ ಜಾಕೆಟ್‌ಗಳು ಬಿಗಿ. ನಿಮ್ಮ ಶರ್ಟ್ ಅಳತೆ ಎಂ ಆಗಿದ್ದರೆ ಎಲ್ ಹಾಕಿ ನೋಡಿ. ಹಾಗಂತ ದೊಗಲೆ ಬೇಡ. ಇಳಿಯುವಾಗ ಪಟಪಟ ಬಡಿಯುವ ಜಾಕೆಟ್‌ನೊಳಗೆ ಗಾಳಿ ನುಗ್ಗಿ, ಬೆಚ್ಚಗಿನ ಗಾಳಿಯನ್ನೆಲ್ಲ ಹೊರಗೆ ತಳ್ಳುತ್ತದೆ. ಇದೆಲ್ಲ ಬಾಗಿ ತುಳಿಯುವವರಿಗೆ. ಸರ್ಕಾರ 2006–07ರಲ್ಲಿ ಶಾಲಾ ಮಕ್ಕಳಿಗೆ ಕೊಡಲು ಶುರುಮಾಡಿದಂಥ, ನೆಟ್ಟಗೆ ಕೂತು ತುಳಿಯುವ ಸೈಕಲ್ ನಿಮ್ಮದಾದರೆ ಈ ವಿಶೇಷ ಕಟಿಂಗ್‌ಗೆ ದುಡ್ಡು ಸುರಿಯಬೇಡಿ. ಓಟಗಾರರ ಸಾದಾ ವಿಂಡ್‌ಚೀಟರ್ ಸಾಕು.

ಜಿಪ್ ಪರೀಕ್ಷೆ ಕೈಗವಸು ಹಾಕಿಕೊಂಡೇ ಮಾಡಿ. ಒಂದೇ ಕೈಯಲ್ಲಿ ಅದು ಜಾರಬೇಕು. ಏರಿನಲ್ಲಿ ಜಿಪ್ಪೇ ನಿಮ್ಮ ಫ್ಯಾನು. ಕಂಕುಳಲ್ಲೂ ಜಿಪ್ ಇದ್ದರೆ ಮಳೆ ಜಾಕೆಟ್‌ಗೆ ತುಂಬಾ ಅನುಕೂಲ. ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಪ್ಪು, ಬೂದು ಬೇಡ, ಮಂಜಿನಲ್ಲಿ ಲಾರಿಯವರಿಗೆ ಕಾಣುವುದಿಲ್ಲ. ಹೊಳೆಯುವ ಪಟ್ಟಿ ಬೆನ್ನಿಗಿರಲಿ, ಅದರ ಮೇಲೆ ಬ್ಯಾಗ್ ಹೇರಿ ಮುಚ್ಚಬೇಡಿ. ಹಿಂದಿನ ಕೆಂಪು ದೀಪವಂತೂ ಬೇಕೇ ಬೇಕು.

ಒಳಗೇನಿದೆ ಎಂಬುದು ಅರ್ಧ ಕೆಲಸ

ಎಂಥ ಜಾಕೆಟ್ ತಂದರೂ ಒಳಗೆ ಕಾಟನ್ ಬನಿಯನ್ ಇದ್ದರೆ ಎಲ್ಲ ವ್ಯರ್ಥ. ಹತ್ತಿ ಬೆವರನ್ನು ಹೀರಿ ಇಟ್ಟುಕೊಳ್ಳುತ್ತದೆ, ಬೇಗ ಆರುವುದಿಲ್ಲ. ಪಾಲಿಯೆಸ್ಟರ್‌ನ ಆಟದ ಬನಿಯನ್ ಅಥವಾ ತೆಳು ಮೆರಿನೋ ಉಣ್ಣೆಯದು ಹಾಕಿ. ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಮನೆಬಾಗಿಲಲ್ಲೇ ಬೆಚ್ಚಗಿದೆ ಎನಿಸಿದರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ತಲುಪುವಷ್ಟರಲ್ಲಿ ಸೆಕೆಯಾಗಿರುತ್ತದೆ.

ಏರು ಶುರುವಾಗುವ ಮೊದಲೇ ಜಾಕೆಟ್ ತೆಗೆದು ಮಡಚಿ. ತುದಿ ಮುಟ್ಟಿದ ಕೂಡಲೇ ಹಾಕಿಕೊಳ್ಳಿ. ಫೋಟೋ, ಕಾಫಿ ಎಲ್ಲ ಆಮೇಲೆ. ಮೈ ತಣ್ಣಗಾದ ಮೇಲೆ ಹಾಕಿದ ಜಾಕೆಟ್ ಒಳಗೆ ಉಳಿಸಿಕೊಳ್ಳಲು ಶಾಖವೇ ಇರುವುದಿಲ್ಲ. ಬ್ಯಾಗ್‌ನಲ್ಲಿ ಒಂದು ಒಣ ಬನಿಯನ್ ಇದ್ದರೆ ಅದರಂಥ ಸುಖ ಇನ್ನೊಂದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಳೆಯ ಉಪಾಯ ಇದೆ. ಟೂರ್ ಡಿ ಫ್ರಾನ್ಸ್ ಸವಾರರು ಬೆಟ್ಟದ ತುದಿಯಲ್ಲಿ ನಿಂತ ಜನರಿಂದ ನ್ಯೂಸ್‌ಪೇಪರ್ ಇಸಿದುಕೊಂಡು, ಅಂಗಿಯೊಳಗೆ ಎದೆಗೆ ತುರುಕಿ ಇಳಿಯುತ್ತಿದ್ದರು. ಗಾಳಿ ತಡೆಯಲು ಅದು ಈಗಲೂ ಆಗುತ್ತದೆ. ಈ ಪುರವಣಿಯೂ ಆಗುತ್ತದೆ, ಓದಿ ಮುಗಿಸಿದ ಮೇಲೆ.

ಒಗೆಯುವಾಗ ಎಚ್ಚರ

ಹೊಸ ಜಾಕೆಟ್ ಮೇಲೆ ನೀರು ಗುಂಡಗೆ ನಿಂತು ಉರುಳುವುದು ಬಟ್ಟೆಗೆ ಬಳಿದ ಲೇಪನದಿಂದ. ಫ್ಯಾಬ್ರಿಕ್ ಕಂಡೀಷನರ್, ಬ್ಲೀಚ್ ಅದನ್ನು ಹಾಳು ಮಾಡುತ್ತವೆ. ಜಿಪ್ ಹಾಕಿ, ತಣ್ಣೀರಿನಲ್ಲಿ, ಸ್ವಲ್ಪವೇ ದ್ರವ ಸೋಪಿನಲ್ಲಿ ಒಗೆಯಿರಿ. ಕಲ್ಲಿಗೆ ಬಡಿಯುವುದು, ಬ್ರಷ್‌ನಿಂದ ಉಜ್ಜುವುದು, ಹಿಂಡುವುದು ಯಾವುದೂ ಬೇಡ. ನಮ್ಮ ಬೋರ್‌ವೆಲ್ ನೀರು ಗಡಸು. ಸೋಪಿನ ಅಂಶ ಬಟ್ಟೆಯಲ್ಲೇ ಉಳಿದುಬಿಡುತ್ತದೆ. ಸೋಪು ಉಳಿದರೆ ಬಟ್ಟೆ ನೀರು ಕುಡಿಯುತ್ತದೆ. ಅದಕ್ಕೆ ಎರಡು ಸಲ ಹೆಚ್ಚಾಗಿ ಜಾಲಾಡಿಸಿ, ನೆರಳಿನಲ್ಲಿ ಒಣಗಿಸಿ. ಆಮೇಲೆ ಒಂದು ಚಮಚ ನೀರು ಚಿಮುಕಿಸಿ ನೋಡಿ. ಹನಿ ಉರುಳದೆ ಹರಡಿಕೊಂಡರೆ, ಲೇಬಲ್‌ನಲ್ಲಿ ಇಸ್ತ್ರಿಗೆ ಅನುಮತಿ ಇದ್ದಲ್ಲಿ, ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಹಗುರವಾಗಿ ಇಸ್ತ್ರಿ ಮಾಡಿ. ಆ ಶಾಖಕ್ಕೆ ಲೇಪನ ಮತ್ತೆ ಚುರುಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ನೀರು ತಡೆಯುವ ಸ್ಪ್ರೇ ಹೊಡೆಯುವ ಕಾಲ ಬಂದಿದೆ.