ಸಾಫ್ಟ್ ಲಗೇಜ್: ಕರಾವಳಿಯ ಮಳೆಗೆ ತಕ್ಕ ಬ್ಯಾಗು ಆರಿಸಿ, ಅಲುಗದಂತೆ ಕಟ್ಟುವುದು ಹೇಗೆ

ಸ್ಪೋರ್ಟ್ ಟೂರಿಂಗ್ ಬೈಕಿನ ಹಿಂಭಾಗ ನೋಡಲು ಚೆಂದ, ಸಾಮಾನು ಕಟ್ಟಲು ಕಷ್ಟ. ಬಾಲ ಮೇಲಕ್ಕೆ ಎದ್ದಿರುತ್ತದೆ, ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ, ಕೊಕ್ಕೆ ಸಿಕ್ಕಿಸಲು ಜಾಗ ಹುಡುಕಬೇಕು. ಹಾಗಾಗಿ ಸಾಫ್ಟ್ ಲಗೇಜ್, ಅಂದರೆ ಬಟ್ಟೆಯ ಬ್ಯಾಗು, ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಬೈಕನ್ನೇ ಒಮ್ಮೆ ಸುತ್ತಿ ನೋಡಿ. ಬೆಲ್ಟು ಎಲ್ಲಿ ನಿಲ್ಲುತ್ತದೆ, ಸೈಲೆನ್ಸರ್ ಎಲ್ಲಿದೆ, ಮಳೆಯಲ್ಲಿ ಎಷ್ಟು ಓಡಿಸುತ್ತೀರಿ ಎನ್ನುವ ಮೂರರ ಮೇಲೆ ಬ್ಯಾಗು ತೀರ್ಮಾನವಾಗಬೇಕು. ಬ್ರಾಂಡು, ಬಣ್ಣ ಎಲ್ಲ ಆಮೇಲೆ.

ಮೊದಲು ಬೈಕಿನ ಲೆಕ್ಕ

ಹಿಂದಿನ ಸೀಟನ್ನು ಕೀ ಹಾಕಿ ಬಿಚ್ಚಿ. ಕೆಳಗೆ ಕಾಣುವ ಸಬ್‌ಫ್ರೇಮಿನಲ್ಲಿ (ಸೀಟು ಹೊರುವ ಲೋಹದ ಚೌಕಟ್ಟು) ಬೆಲ್ಟಿನ ಕುಣಿಕೆ ಸುತ್ತಲು ಮುಂದೆ ಎರಡು, ಹಿಂದೆ ಎರಡು ಜಾಗ ಬೇಕು. ಗ್ರಾಬ್ ರೈಲ್ (ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿ) ಮತ್ತು ಹಿಂಬದಿ ಫುಟ್‌ರೆಸ್ಟಿನ ಬ್ರಾಕೆಟ್ ಒಳ್ಳೆಯ ಆಧಾರ. ಫೈಬರ್ ಪ್ಯಾನೆಲ್, ಇಂಡಿಕೇಟರಿನ ಕಡ್ಡಿ, ನಂಬರ್ ಪ್ಲೇಟಿನ ಬ್ರಾಕೆಟ್ ಭಾರ ಹೊರಲು ಮಾಡಿದವಲ್ಲ. ಅವಕ್ಕೆ ಕಟ್ಟಿದರೆ ಮೊದಲ ಘಾಟಿಯಲ್ಲೇ ಕೈಗೆ ಬರುತ್ತವೆ.

ಇನ್ನು ಸೈಲೆನ್ಸರ್. ನಿಂಜಾ 650ರಲ್ಲಿ ಅದು ಎಂಜಿನ್ನಿನ ಹೊಟ್ಟೆಯಡಿಗೆ ಸರಿದಿರುವುದರಿಂದ ಬದಿಯ ಬ್ಯಾಗಿಗೆ ಜಾಗ ಸಲೀಸು. ಅಪಾಚೆ ಆರ್‌ಆರ್ 310, ಜಿಕ್ಸರ್ ಎಸ್‌ಎಫ್ 250ರಂಥವುಗಳಲ್ಲಿ ಬಲಗಡೆ ಸೈಲೆನ್ಸರ್ ಇದೆ, ಅಲ್ಲಿ ಬ್ಯಾಗಿನ ತಳಕ್ಕೂ ಲೋಹಕ್ಕೂ ಕನಿಷ್ಠ 8ರಿಂದ 10 ಸೆಂ.ಮೀ. ಅಂತರ ಬೇಕು. ಅಳೆಯುವುದು ಖಾಲಿ ಬ್ಯಾಗಿನಿಂದಲ್ಲ, ತುಂಬಿದ ಬ್ಯಾಗನ್ನು ಕೈಯಿಂದ ಕೆಳಕ್ಕೆ ಒತ್ತಿ ಹಿಡಿದು. ಪಿವಿಸಿ ಬಟ್ಟೆ ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ, ನೈಲಾನ್ 220ರ ಆಸುಪಾಸಿನಲ್ಲಿ ಕರಗುತ್ತದೆ. ತೂತು ಬೀಳುವ ಮೊದಲೇ ಸೂಚನೆ ಸಿಗುತ್ತದೆ: ಬ್ಯಾಗಿನ ತಳದಲ್ಲಿ ಒಂದು ಕಡೆ ಬಟ್ಟೆ ಗಟ್ಟಿಯಾಗಿ, ಹೊಳಪು ಬಂದಿರುತ್ತದೆ. ಅಲ್ಲಿಂದಾಚೆ ಆ ಬ್ಯಾಗನ್ನು ಹಾಗೇ ಓಡಿಸಬೇಡಿ, ಶಾಖ ತಡೆಯುವ ಹೀಟ್ ಶೀಲ್ಡ್ ಹಾಕಿ ಅಥವಾ ಬ್ಯಾಗು ಮೇಲಕ್ಕೆ ಎತ್ತಿ ಕಟ್ಟಿ.

ಭಾರದ ಲೆಕ್ಕ ಹೆಚ್ಚಿನವರು ಹಾಕುವುದೇ ಇಲ್ಲ. ಮ್ಯಾನ್ಯುವಲ್‌ನಲ್ಲಿ ಬರೆದಿರುವ ಒಟ್ಟು ತೂಕದ ಮಿತಿಯಿಂದ ಬೈಕಿನ ತೂಕ ಕಳೆಯಿರಿ. ಮಿತಿ 350 ಕೆ.ಜಿ., ಬೈಕು 190 ಎಂದಿಟ್ಟುಕೊಂಡರೆ ಉಳಿದದ್ದು 160. ಅದರಲ್ಲಿ 75 ಕೆ.ಜಿ.ಯ ಸವಾರ, 60 ಕೆ.ಜಿ.ಯ ಹಿಂಬದಿ ಸವಾರ ಹೋದರೆ 25. ಇಬ್ಬರ ಹೆಲ್ಮೆಟ್, ಜಾಕೆಟ್, ಶೂ ಸೇರಿ ಏಳೆಂಟು ಕೆ.ಜಿ. ನುಂಗುತ್ತವೆ. ಇಬ್ಬರ ಸಾಮಾನಿಗೆ, ಬ್ಯಾಗಿನ ಸ್ವಂತ ತೂಕವೂ ಸೇರಿ, ಉಳಿಯುವುದು ಹದಿನೇಳು ಹದಿನೆಂಟು. 60 ಲೀಟರಿನ ಜೋಡಿ ಬ್ಯಾಗು ಕೊಂಡರೆ ಅದನ್ನು ತುಂಬುವ ಆಸೆ ತಪ್ಪಿದ್ದಲ್ಲ. ಸಣ್ಣದೇ ಕೊಳ್ಳಿ.

ಯಾರಿಗೆ ಯಾವುದು

ಒಬ್ಬರೇ ಹೋಗುವವರಿಗೆ ಹಿಂದಿನ ಸೀಟಿನ ಮೇಲೆ ಕೂರುವ 30–40 ಲೀಟರಿನ ಟೇಲ್ ಬ್ಯಾಗು ಸಾಕು. ನಾಲ್ಕು ದಿನದ ಬಟ್ಟೆ ಆರಾಮವಾಗಿ ಹಿಡಿಯುತ್ತದೆ, ಸೈಲೆನ್ಸರಿನ ಗೊಡವೆ ಇಲ್ಲ, ಲಾಡ್ಜಿಗೆ ಎತ್ತಿಕೊಂಡು ಹೋಗುವುದೂ ಸುಲಭ. ಹಿಂದೆ ಯಾರಾದರೂ ಕೂರುವುದಾದರೆ ಮಾತ್ರ ಎರಡೂ ಬದಿಗೆ ಜೋಡಿಯಾಗಿ ತೂಗುವ ಸ್ಯಾಡಲ್ ಬ್ಯಾಗಿನ ಯೋಚನೆ ಮಾಡಿ, ಜೋಡಿಗೆ 40–50 ಲೀಟರ್ ಮೀರಬೇಡಿ. ಹೊರ ಅಗಲ ಹ್ಯಾಂಡಲ್‌ಬಾರಿನ ಅಗಲ ದಾಟದಿರಲಿ. ಹ್ಯಾಂಡಲ್ ನುಗ್ಗಿದಲ್ಲಿ ಬ್ಯಾಗೂ ನುಗ್ಗಬೇಕಲ್ಲ. ಮಂಗಳೂರು–ಉಡುಪಿ ಹೈವೇಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟ್ಯಾಂಕ್ ಬ್ಯಾಗು ಮೊಬೈಲು, ಪರ್ಸು, ನೀರಿನ ಬಾಟಲಿಗೆ. 6ರಿಂದ 10 ಲೀಟರ್ ಹೆಚ್ಚೆಂದರೆ, ಬಗ್ಗಿ ಕೂರುವ ಬೈಕಿನಲ್ಲಿ ಅದಕ್ಕಿಂತ ದೊಡ್ಡದು ಎದೆಗೆ ತಾಗುತ್ತದೆ. ಮ್ಯಾಗ್ನೆಟ್ಟಿನದ್ದು ಕೊಳ್ಳುವ ಮೊದಲು ಫ್ರಿಜ್ಜಿನ ಮ್ಯಾಗ್ನೆಟ್ ಒಂದನ್ನು ಟ್ಯಾಂಕಿಗೆ ತಾಗಿಸಿ ನೋಡಿ. ಎಷ್ಟೋ ಬೈಕುಗಳ ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಕವಚ ಇರುತ್ತದೆ, ಅಂಟುವುದಿಲ್ಲ. ಅಂಥದ್ದಕ್ಕೆ ಪೆಟ್ರೋಲ್ ಮುಚ್ಚಳದ ಸುತ್ತ ಸ್ಕ್ರೂ ಹಾಕಿ ಕೂರಿಸುವ ಟ್ಯಾಂಕ್ ರಿಂಗ್ ಸರಿ. ರಿಂಗ್ ಹಾಕುವಾಗ ಎಂಜಿನ್ ತಣ್ಣಗಿರಲಿ, ಮುಚ್ಚಳದ ಸುತ್ತ ಬಟ್ಟೆ ತುರುಕಿ ಇಡಿ, ಬಿಚ್ಚಿದ ಸ್ಕ್ರೂ ಕೈಜಾರಿದರೆ ಸಂದಿಗೆ ಬೀಳಬಾರದು. ರಿಂಗಿನ ಜೊತೆ ಬಂದ ಸ್ಕ್ರೂಗಳನ್ನೇ ಬಳಸಿ. ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ಯಾಗು ಹಾರ್ನ್ ಗುಂಡಿಯನ್ನಾಗಲಿ ಕ್ಲಚ್ ವೈರನ್ನಾಗಲಿ ಒತ್ತುತ್ತದೆಯೇ ನೋಡಿ.

ಮಳೆ ಎಂಬ ಪರೀಕ್ಷಕ

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ, ಆಗುಂಬೆಯಲ್ಲಿ ಹೆಚ್ಚುಕಡಿಮೆ ಅದರ ಎರಡು ಪಟ್ಟು. ಬ್ಯಾಗಿನ ಜೊತೆ ಪುಕ್ಕಟೆ ಕೊಡುವ ರೇನ್ ಕವರ್ ಈ ಮಳೆಗೆ ಹೇಳಿ ಮಾಡಿಸಿದ್ದಲ್ಲ. ಕವರ್ ಮುಚ್ಚುವುದು ಮೇಲನ್ನೂ ಮುಂದನ್ನೂ. ಚಕ್ರದಿಂದ ಚಿಮ್ಮುವ ಕೆಸರು ನೀರು ಬರುವುದು ಕೆಳಗಿನಿಂದ, ಹಿಂದಿನಿಂದ. ಒಳಗೆ ನುಗ್ಗಿದ ನೀರು ಕವರಿನ ತಳದಲ್ಲೇ ನಿಂತು ಬ್ಯಾಗು ಅದರಲ್ಲಿ ನೆನೆಯುತ್ತದೆ. 80ರ ವೇಗದಲ್ಲಿ ಗಾಳಿ ತುಂಬಿ ಉಬ್ಬಿದರೆ ಎಲಾಸ್ಟಿಕ್ ಜಾರಿ ಹಾರಿಹೋಗುತ್ತದೆ, ಇಲ್ಲವೇ ಸೈಲೆನ್ಸರಿಗೆ ಅಂಟಿ ಕರಗುತ್ತದೆ. ಅಂಟಿದ್ದನ್ನು ಕೆರೆದು ತೆಗೆಯುವ ಕೆಲಸ ಯಾರಿಗೂ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಓಡಿಸುವವರಿಗೆ ಎರಡೇ ದಾರಿ. ಒಂದು, ಹೊಲಿಗೆ ಇಲ್ಲದೆ ಶಾಖದಲ್ಲಿ ಬೆಸೆದ, ಬಾಯಿ ಸುತ್ತಿ ಮುಚ್ಚುವ ರೋಲ್‌ಟಾಪ್ ಬ್ಯಾಗು. ಒಳಗಿನ ಗಾಳಿ ಹೊರದೂಡಿ ಕನಿಷ್ಠ ಮೂರು ಸುತ್ತು ಸುತ್ತಬೇಕು, ಒಂದೂವರೆ ಸುತ್ತಿಗೆ ಬಕಲ್ ಹಾಕಿದರೆ ನೀರು ಒಳಗೇ. ಅಂದರೆ ಬಾಯಿತನಕ ತುಂಬಿದ ರೋಲ್‌ಟಾಪ್ ವಾಟರ್‌ಪ್ರೂಫ್ ಅಲ್ಲ. ಎರಡು, ಸಾಮಾನ್ಯ ಬಟ್ಟೆಯ ಬ್ಯಾಗಿನೊಳಗೆ ಬೇರೆಯದೇ ಡ್ರೈ ಬ್ಯಾಗು ಅಥವಾ ದಪ್ಪ ಪ್ಲಾಸ್ಟಿಕ್ ಲೈನರ್. ಹೊರ ಬ್ಯಾಗು ನೆನೆಯಲಿ, ಬಟ್ಟೆ ಒಣಗಿರುತ್ತದೆ. ಈ ಎರಡನೆಯದು ಅಗ್ಗ ಮಾತ್ರವಲ್ಲ, ಹೊರ ಬ್ಯಾಗು ಬೈಕಿನಲ್ಲೇ ಬಿಟ್ಟು ಒಳಗಿನ ಗಂಟು ಮಾತ್ರ ರೂಮಿಗೆ ಒಯ್ಯಬಹುದು. ಜಿಪ್ಪಿಗೆ ರಬ್ಬರ್ ಲೇಪನ ಇದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ, ಅದು ನೀರನ್ನು ತಡೆಹಿಡಿಯುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಐಪಿಎಕ್ಸ್6 ಎಂದು ಬರೆದಿದ್ದರೆ ಜೋರು ನೀರಿನ ಧಾರೆಗೆ ಪರೀಕ್ಷಿಸಿದ್ದು ಎಂದರ್ಥ, ನಮ್ಮ ರಸ್ತೆಗೆ ಕೆಲಸಕ್ಕೆ ಬರುವ ಅಂಕೆ ಅದೇ.

ರೋಲ್‌ಟಾಪಿಗೆ ಒಂದು ಶಾಪ ಇದೆ. ಗಾಳಿಯಾಡದು. ಮಲ್ಪೆಯಿಂದ ಒಣಮೀನು ಕಟ್ಟಿಸಿಕೊಂಡು ಹೋಗುವವರು ಅದನ್ನು ಹೊರಗಿನ ಬಲೆಗೆ ಸಿಕ್ಕಿಸಿ, ಒಳಗೆ ಹಾಕಿದರೆ ವಾಸನೆ ಮುಂದಿನ ಮಳೆಗಾಲದವರೆಗೂ ಇರುತ್ತದೆ.

ಕೊಳ್ಳುವಾಗ ಬಟ್ಟೆಯ ನೂಲು ಎಷ್ಟು ದಪ್ಪ ಎಂದು ಹೇಳುವ ಡೆನಿಯರ್ ಅಂಕೆಗಿಂತ ಬೆಲ್ಟು ಬ್ಯಾಗಿಗೆ ಸೇರುವ ಜಾಗವನ್ನು ನೋಡಿ. ಅಲ್ಲಿ ಚೌಕದೊಳಗೆ ಇಂಟು ಗುರುತಿನಂತೆ ಅಡ್ಡಹೊಲಿಗೆ ಇರಬೇಕು. ಬರೀ ಒಂದು ಗೆರೆ ಹೊಲಿಗೆ ಇದ್ದರೆ ವಾಪಸ್ ಇಡಿ. ಅಂಗಡಿಯಲ್ಲೇ ಬೆಲ್ಟನ್ನು ಕೈಗೆ ಸುತ್ತಿ ಎಳೆದು ನೋಡಿ, ಸೂಜಿಯ ತೂತುಗಳು ಬಾಯ್ಬಿಟ್ಟರೆ ಅದು ಕಿತ್ತುಬರುವ ಜಾತಿ. ವಯಾಟೆರಾ, ರೈನಾಕ್ಸ್, ಗಾರ್ಡಿಯನ್ ಗೇರ್ಸ್‌ನಂಥ ದೇಶೀ ತಯಾರಕರ ಬ್ಯಾಗುಗಳು ಈಗ ಸಿಗುತ್ತವೆ, ಬಿಡಿ ಬಕಲ್, ಬೆಲ್ಟು ಬೇರೆಯಾಗಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಸ್ಯಾಡಲ್ ಸ್ಟೇ

ಬದಿಯ ಬ್ಯಾಗು ಒಳಕ್ಕೆ ತೂಗಾಡಿ ಚಕ್ರಕ್ಕೋ ಚೈನಿಗೋ ಸಿಗದಂತೆ ತಡೆಯುವ ಕಬ್ಬಿಣದ ಚೌಕಟ್ಟು ಇದು. ಸ್ಯಾಡಲ್ ಬ್ಯಾಗು ಅಂದಮೇಲೆ ಇದು ಬೇಕೇ ಬೇಕು. ನಿಮ್ಮ ಮಾಡೆಲ್ಲಿಗೆ ರೆಡಿ ಸಿಗದಿದ್ದರೆ ಬೈಕಂಪಾಡಿ ಕಡೆಯ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಮಾಡಿಸಬಹುದು. 10–12 ಮಿ.ಮೀ. ಸರಳು ಸಾಕು. ಬೈಕಿನ ಫ್ರೇಮಿಗೆ ವೆಲ್ಡ್ ಮಾಡಲು ಮಾತ್ರ ಬಿಡಬೇಡಿ: ಶಾಖಕ್ಕೆ ಫ್ರೇಮು ದುರ್ಬಲವಾಗುತ್ತದೆ, ವೆಲ್ಡಿಂಗ್ ಕರೆಂಟಿಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಸುಡಬಹುದು. ಗ್ರಾಬ್ ರೈಲ್ ಮತ್ತು ಫುಟ್‌ರೆಸ್ಟ್ ಬ್ರಾಕೆಟ್ಟಿನ ಬೋಲ್ಟುಗಳಿಗೇ ಕೂರುವಂತೆ ಮಾಡಿಸಿ. ಬೋಲ್ಟಿನಡಿ ಕೂರುವ ಸ್ಟೇಯ ಪಟ್ಟಿಯ ದಪ್ಪ 5 ಮಿ.ಮೀ. ಇದ್ದರೆ ಬೋಲ್ಟೂ ಮೊದಲಿದ್ದದ್ದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದ ಬೇಕು, ಇಲ್ಲದಿದ್ದರೆ ಹಿಡಿಯುವ ಥ್ರೆಡ್ ಕಡಿಮೆಯಾಗಿ ಕಳಚುತ್ತದೆ. ಬೋಲ್ಟಿಗೆ ನೀಲಿ ಥ್ರೆಡ್‌ಲಾಕ್ (ಬೋಲ್ಟು ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ. ಪೌಡರ್ ಕೋಟಿಂಗ್ ಇಲ್ಲದ ಸ್ಟೇ ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬ್ಯಾಗಿಗೂ ಕಲೆ ಮಾಡುತ್ತದೆ.

ಕಟ್ಟುವ ಕ್ರಮ

ಬೆಲ್ಟು ತಾಗುವ ಜಾಗವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬಣ್ಣ ಕಾಯುವ ಪಾರದರ್ಶಕ ಪಿಪಿಎಫ್ ಫಿಲ್ಮ್ ಅಂಟಿಸಿ. ಬಣ್ಣ ಸವೆಯುವುದು ಬೆಲ್ಟಿನಿಂದಲ್ಲ, ಬೆಲ್ಟಿನಡಿ ಸಿಕ್ಕಿದ ಮರಳಿನಿಂದ. ಮರವಂತೆ, ಕಾಪು ಕಡೆ ಬೀಚಿಗೆ ಇಳಿದು ಬಂದ ಬೈಕಿಗೆ ಇದು ಇನ್ನೂ ಮುಖ್ಯ.

ಸೀಟು ಬಿಚ್ಚಿ ನಾಲ್ಕೂ ಕುಣಿಕೆಗಳನ್ನು ಸಬ್‌ಫ್ರೇಮಿಗೆ ಸುತ್ತಿ ಹೊರಗೆಳೆಯಿರಿ. ಆಗ ವೈರಿಂಗನ್ನು ಬೆಲ್ಟು ಒತ್ತುತ್ತಿಲ್ಲವೇ, ಸೀಟಿನ ಲಾಕಿನ ನಾಲಿಗೆಗೆ ಬೆಲ್ಟು ಅಡ್ಡ ಬಂದಿಲ್ಲವೇ ನೋಡಿ. ಸೀಟು ಕೂರಿಸಿ, ಮೇಲಕ್ಕೆ ಎಳೆದು ಲಾಕ್ ಆಗಿದೆ ಎಂದು ಖಚಿತಪಡಿಸಿಕೊಳ್ಳಿ. ಅರ್ಧ ಲಾಕ್ ಆದ ಸೀಟಿನ ಮೇಲೆ ಬ್ಯಾಗು ಕಟ್ಟಿದರೆ ಹಾರುವುದು ಎರಡೂ ಒಟ್ಟಿಗೆ.

ಬ್ಯಾಗನ್ನು ಸವಾರನ ಬೆನ್ನಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಮುಂದೆ ಇಡಿ. ಹಿಂದಿನ ಚಕ್ರದ ಅಚ್ಚಿನಿಂದ ಆಚೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ, ವೇಗದಲ್ಲಿ ಹ್ಯಾಂಡಲ್ ಅಲುಗಲು ಶುರುವಾಗುತ್ತದೆ. ಮುಂದಿನ ಎರಡು ಬೆಲ್ಟು ಮೊದಲು ಬಿಗಿಯಿರಿ, ನಂತರ ಹಿಂದಿನವನ್ನು, ಆಮೇಲೆ ಮತ್ತೆ ಮುಂದಿನವನ್ನು. ಬೆಲ್ಟುಗಳು ನೇರ ಕೆಳಕ್ಕೆ ಇಳಿಯದೆ ಸ್ವಲ್ಪ ಓರೆಯಾಗಿ, ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ ಎಳೆಯುವಂತಿರಲಿ. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಬ್ಯಾಗು ಮುಂದಕ್ಕೆ ಜಾರಿ ಸೊಂಟಕ್ಕೆ ಬಂದು ಕೂರುತ್ತದೆ. ಈಗ ಬ್ಯಾಗನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಬೈಕೂ ಜೊತೆಗೆ ಅಲ್ಲಾಡಿದರೆ ಸರಿ, ಬ್ಯಾಗು ಮಾತ್ರ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ.

ಬಂಜಿ ಹಗ್ಗ ಬೇಡ. ಅದು ಎಳೆದಷ್ಟೂ ಹಿಗ್ಗುವ ಕಾರಣ ಗುಂಡಿಗೆ ಬಿದ್ದಾಗಲೆಲ್ಲ ಬ್ಯಾಗು ಮೇಲೇಳುತ್ತದೆ, ಕೊಕ್ಕೆ ಕಳಚುತ್ತದೆ. ಕಟ್ಟುವಾಗ ಕೈತಪ್ಪಿದ ಕೊಕ್ಕೆ ಕಣ್ಣಿಗೂ ಹೊಡೆಯಬಹುದು. ಹಲ್ಲಿನ ಹಿಡಿಕೆಯಿಂದ ಬೆಲ್ಟನ್ನು ಕಚ್ಚಿ ಹಿಡಿಯುವ, ಹಿಗ್ಗದ ಕ್ಯಾಮ್ ಬಕಲ್ ಬೆಲ್ಟು ಬಳಸಿ. ಉಳಿದ ಬಾಲವನ್ನು ಸುರುಳಿ ಸುತ್ತಿ ವೆಲ್ಕ್ರೋ ಅಥವಾ ದಪ್ಪ ರಬ್ಬರ್ ಬ್ಯಾಂಡ್ ಹಾಕಿ. ತೂಗುವ ಒಂದೇ ಒಂದು ಬಾಲ ಚೈನ್ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಹಿಂದಿನ ಚಕ್ರ ನಿಂತೇ ಹೋಗುತ್ತದೆ.

ತುಂಬುವಾಗ ಟೂಲ್ ಕಿಟ್, ಪಂಕ್ಚರ್ ಕಿಟ್ಟಿನಂಥ ಭಾರದವು ತಳದಲ್ಲಿ, ಮುಂದಕ್ಕೆ. ಎಡ–ಬಲದ ವ್ಯತ್ಯಾಸ ಒಂದು ಕೆ.ಜಿ. ಒಳಗಿರಲಿ, ಮನೆಯ ಸಾಮಾನ್ಯ ತಕ್ಕಡಿ ಸಾಕು ಇದಕ್ಕೆ. ಚೈನ್ ಸ್ಪ್ರೇ ಡಬ್ಬಿಯನ್ನು ಸೈಲೆನ್ಸರ್ ಇಲ್ಲದ ಕಡೆ ಇಡಿ. ರೇನ್‌ಕೋಟು ಎಲ್ಲದರ ಮೇಲೆ. ಕೊನೆಗೆ ಹಿಂದೆ ಹತ್ತು ಹೆಜ್ಜೆ ಸರಿದು ನೋಡಿ, ಬ್ರೇಕ್ ಲೈಟು, ಎರಡೂ ಇಂಡಿಕೇಟರ್, ನಂಬರ್ ಪ್ಲೇಟು ಪೂರ್ತಿ ಕಾಣಬೇಕು.

ಹೊರಡುವ ಮೊದಲು ಬೈಕಿಗೂ ಸ್ವಲ್ಪ

ಹಿಂದಿನ ಟಯರಿನ ಗಾಳಿಯನ್ನು ಮ್ಯಾನ್ಯುವಲ್‌ನಲ್ಲಿ ಭಾರಕ್ಕೆ ಹೇಳಿದ ಅಂಕೆಗೆ ತನ್ನಿ, ಟಯರ್ ತಣ್ಣಗಿರುವಾಗಲೇ. ಶಾಕ್ ಅಬ್ಸಾರ್ಬರಿನ ಪ್ರಿಲೋಡನ್ನು (ಸ್ಪ್ರಿಂಗಿನ ಬಿಗಿ) 15 ಕೆ.ಜಿ. ಸಾಮಾನಿಗೆ ಒಂದೆರಡು ಹಲ್ಲು ಏರಿಸಿದರೆ ಸಾಕಾಗುತ್ತದೆ. ಚೈನಿನ ಸಡಿಲವನ್ನು ಭಾರ ಹೇರಿದ ಮೇಲೆ ಮತ್ತೊಮ್ಮೆ ನೋಡಿ, ಹಿಂಭಾಗ ತಗ್ಗಿದಂತೆ ಚೈನ್ ಬಿಗಿಯುತ್ತದೆ. ಹೆಡ್‌ಲೈಟ್ ಮೇಲಕ್ಕೆ ಎದ್ದಿರುತ್ತದೆ, ಅದನ್ನೂ ಇಳಿಸಿ.

ಮೊದಲ ಪ್ರಯಾಣ ದೂರ ಬೇಡ. ಮಣಿಪಾಲದಿಂದ ಹೆಬ್ರಿವರೆಗೆ ಹೋಗಿ ಬಂದರೆ ಸಾಕು. ಮೊದಲ ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಎಲ್ಲ ಬೆಲ್ಟು ಮತ್ತೆ ಎಳೆಯಿರಿ, ಬಟ್ಟೆ ಒಳಗೆ ಕುಗ್ಗಿ ಸಡಿಲ ಬಿದ್ದೇ ಇರುತ್ತದೆ. ಮುಂದೆ ಘಾಟಿಗೆ ಹೋಗುವಾಗ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು ಹತ್ತುವ ಮುನ್ನ ಇನ್ನೊಮ್ಮೆ. ನಿಲ್ಲಿಸುವಾಗ ಕೆಸರು ನೆಲದಲ್ಲಿ ಸೈಡ್ ಸ್ಟ್ಯಾಂಡಿನಡಿ ಚಪ್ಪಟೆ ಕಲ್ಲೋ ಹಲಗೆಯ ತುಂಡೋ ಕೊಡಿ, ತುಂಬಿದ ಬೈಕಿನ ಸ್ಟ್ಯಾಂಡು ಚಹಾ ಕುಡಿದು ಬರುವಷ್ಟರಲ್ಲಿ ಹೂತುಹೋಗುತ್ತದೆ.

ವಾಪಸ್ ಬಂದ ದಿನವೇ ಬ್ಯಾಗು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಬಾಯಿ ತೆರೆದೇ ತೂಗುಹಾಕಿ. ಬೂಷ್ಟು ಬಂದಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ. ಬಿಗಿಯಾದ ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿದರೆ ಸಾಕು, ಎಂಜಿನ್ ಆಯಿಲ್ ಹಾಕಿದರೆ ಮರಳು ಅಂಟಿ ಜಿಪ್ಪೇ ಹಾಳು. ಬಕಲ್ಲಿನ ಹಲ್ಲು ಸವೆದು ಬೆಲ್ಟು ಜಾರುತ್ತಿದ್ದರೆ ಗಂಟು ಹಾಕಿ ಸುಧಾರಿಸಬೇಡಿ, ಬಕಲ್ ಬದಲಿಸಿ.