ಪದವಿ ವಿದ್ಯಾರ್ಥಿವೇತನ: ಅರ್ಜಿ ತೆರೆಯುವ ಮೊದಲೇ ಸರಿಪಡಿಸಿಕೊಳ್ಳಬೇಕಾದದ್ದು

ಅರ್ಹತೆಯಿದ್ದೂ ವಿದ್ಯಾರ್ಥಿವೇತನ ಕೈತಪ್ಪುವುದು ಹೆಚ್ಚಾಗಿ ದಾಖಲೆಗಳು ಒಂದಕ್ಕೊಂದು ಹೊಂದದೆ ಇದ್ದಾಗ. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದುವವರು ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ. ಪೋರ್ಟಲ್ ನಿಮ್ಮ ಮಾಹಿತಿಯನ್ನು ಆಧಾರ್, ಕಂದಾಯ ಇಲಾಖೆ ಮತ್ತು ವಿಶ್ವವಿದ್ಯಾಲಯದ ಯುಯುಸಿಎಂಎಸ್ (ಪ್ರವೇಶ, ಪರೀಕ್ಷೆಗಳ ಆನ್‌ಲೈನ್ ವ್ಯವಸ್ಥೆ) ದಾಖಲೆಯ ಜೊತೆ ತಾಳೆ ನೋಡುತ್ತದೆ. ಎಲ್ಲಿ ಹೊಂದದೋ ಅಲ್ಲಿಗೆ ಅರ್ಜಿ ನಿಲ್ಲುತ್ತದೆ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಪಿಯುಸಿ ಫಲಿತಾಂಶ ಬಂದ ವಾರದಲ್ಲೇ.

ಮೊದಲು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ 'ಕೆ ಮಂಜುನಾಥ', ಕಾಲೇಜಿನಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು: ಇನಿಷಿಯಲ್ ಬರೆಯುವ ನಮ್ಮ ರೂಢಿಯಿಂದ ಇದು ಮನೆಮನೆಯ ಸಮಸ್ಯೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವೆಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಹಾಗಾಗಿ ಕೇಂದ್ರದವರು ಕೊಡುವ ಸ್ವೀಕೃತಿಯಲ್ಲಿ ಅಕ್ಷರ ಅಕ್ಷರ ಓದಿ ಆಮೇಲೆ ಒಪ್ಪಿಗೆ ಕೊಡಿ. ಕಾಲೇಜಿಗೆ ಸೇರುವಾಗ ಯುಯುಸಿಎಂಎಸ್‌ನಲ್ಲಿ ತುಂಬುವುದೂ ಅದೇ ಹೆಸರಾಗಿರಲಿ.

ಎರಡನೆಯದು ಜಾತಿ, ಆದಾಯ ಪ್ರಮಾಣಪತ್ರ. ಪೋರ್ಟಲ್‌ಗೆ ಬೇಕಾದದ್ದು ಪತ್ರದ ಜೆರಾಕ್ಸ್ ಅಲ್ಲ, ಅದರ ಮೇಲೆ 'ಆರ್‌ಡಿ' ಎಂದು ಶುರುವಾಗುವ ಸಂಖ್ಯೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರ ಜಾತಿ ಪತ್ರ ಜೀವಿತಾವಧಿಗೆ ನಡೆಯುತ್ತದೆ. ಆದಾಯ ಪತ್ರಕ್ಕೆ 5 ವರ್ಷದ ಆಯಸ್ಸು. ಹೈಸ್ಕೂಲಿನಲ್ಲಿ ಮಾಡಿಸಿದ ಪತ್ರ ಪದವಿಗೆ ಬರುವ ಹೊತ್ತಿಗೆ ಮುಗಿದಿರಬಹುದು, ಯಾರೂ ಗಮನಿಸಿರುವುದಿಲ್ಲ. ಹಾಗಿದ್ದರೆ ನಾಡಕಚೇರಿಯಲ್ಲಿ ಹೊಸದಾಗಿ ಮಾಡಿಸಿ. ಪತ್ರದಲ್ಲೂ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು ಆಧಾರ್‌ನಂತೆಯೇ ಇರಬೇಕು.

ಮೂರನೆಯದರಲ್ಲೇ ಹೆಚ್ಚು ಜನ ಎಡವುವುದು: ಬ್ಯಾಂಕ್ ಖಾತೆ. 'ಆಧಾರ್ ಲಿಂಕ್ ಆಗಿದೆ' ಎಂದು ಬ್ಯಾಂಕಿನವರು ಹೇಳಿದರೆ ಸಾಲದು. ಕೆವೈಸಿಗಾಗಿ, ಅಂದರೆ ಗುರುತಿನ ಪುರಾವೆಯಾಗಿ ಆಧಾರ್ ಕೊಡುವುದು ಬೇರೆ, ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂದು ತೋರಿಸುವ ಎನ್‌ಪಿಸಿಐ ಮ್ಯಾಪರ್ ಪಟ್ಟಿಯಲ್ಲಿ ಖಾತೆ ಜೋಡಿಸುವುದು, ಅಂದರೆ ಸೀಡಿಂಗ್ ಮಾಡಿಸುವುದು ಬೇರೆ. ಹಣ ಬರುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್‌ಗೆ ಕೊನೆಯದಾಗಿ ಸೀಡ್ ಆದ ಬ್ಯಾಂಕಿಗೆ. ಮೊಬೈಲಿನಲ್ಲಿ ತೆರೆದು ಮರೆತ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹಣ ಹೋಗಿ ಕೂತಿರುವುದೂ ಉಂಟು! ಮೈಆಧಾರ್ ಜಾಲತಾಣದಲ್ಲಿ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಬ್ಯಾಂಕಿನ ಹೆಸರು ಮತ್ತು 'ಆಕ್ಟಿವ್' ಇದೆಯೇ ಎಂಬುದು ತಿಳಿಯುತ್ತದೆ. ಇಲ್ಲವಾದರೆ ಶಾಖೆಗೆ ಹೋಗಿ ಸೀಡಿಂಗ್ ಒಪ್ಪಿಗೆ ಪತ್ರ ಕೊಡಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಖಾತೆ ವಿದ್ಯಾರ್ಥಿಯದೇ ಆಗಿರಲಿ, ಆಗಾಗ ನೂರಿನ್ನೂರು ರೂಪಾಯಿ ಹಾಕಿ ತೆಗೆದು ಚಾಲ್ತಿಯಲ್ಲಿಡಿ.

ಇಷ್ಟಾದರೆ ಅರ್ಜಿ ಅರ್ಧ ಗಂಟೆಯ ಕೆಲಸ. ಆಧಾರ್‌ನಿಂದ ಎಸ್‌ಎಸ್‌ಪಿ ಖಾತೆ ತೆರೆದು, ಆರ್‌ಡಿ ಸಂಖ್ಯೆ, ಕಾಲೇಜು, ಕೋರ್ಸ್, ನೋಂದಣಿ ಸಂಖ್ಯೆ, ಹಾಸ್ಟೆಲ್ ವಿವರ ಕೊಡಿ. ಕೇಳಿದ ದಾಖಲೆಗಳಿಗೆ ಕಾಲೇಜಿನ ಇ-ದೃಢೀಕರಣ ಅಧಿಕಾರಿಯಿಂದ ಇ-ಅಟೆಸ್ಟೇಶನ್ ಮಾಡಿಸಿ. ಆ ಅಧಿಕಾರಿಯ ಬಳಿ ಕೊನೆಯ ವಾರ ಸಾಲು ಉದ್ದ, ಮೊದಲ ವಾರವೇ ಹೋಗಿ.

ಎಷ್ಟು ಬರುತ್ತದೆ? ಪರಿಶಿಷ್ಟ ಜಾತಿಯ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂ. ದಾಟಬಾರದು. ಕಡ್ಡಾಯ ಶುಲ್ಕದ ಮೇಲೆ ನಿರ್ವಹಣಾ ಭತ್ಯೆ ಇದೆ: ಬಿಎ, ಬಿಕಾಂ, ಬಿಎಸ್ಸಿಯಂಥ ಪದವಿಗಳಿಗೆ ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ 6,000, ಮನೆಯಿಂದ ಓಡಾಡುವವರಿಗೆ 3,000 ರೂ. ಶುಲ್ಕದ ಪಾಲೂ ನಿಮ್ಮ ಖಾತೆಗೇ ಬಂದರೆ ಅದು ಕಾಲೇಜಿಗೆ ಸೇರಬೇಕಾದ ಹಣ, ಖರ್ಚು ಮಾಡಿಬಿಡಬೇಡಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದಿದ್ದಾಗ ಊಟ-ವಸತಿಗೆ ನೆರವಾಗುವ ವಿದ್ಯಾಸಿರಿ ಇದೆ, ತಿಂಗಳಿಗೆ ಇಷ್ಟು ಎಂದು 10 ತಿಂಗಳು. ಆದಾಯದ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆಯಾದ್ದರಿಂದ ಆ ವರ್ಷದ ಅಧಿಸೂಚನೆ ಓದಿಯೇ ಮುಂದುವರಿಯಿರಿ. ರೈತರ ಮಕ್ಕಳಿಗಿರುವ ರೈತ ವಿದ್ಯಾನಿಧಿಗೆ ತಂದೆ ಅಥವಾ ತಾಯಿಯ ಎಫ್‌ಐಡಿ, ಅಂದರೆ ರೈತ ಗುರುತಿನ ಸಂಖ್ಯೆ ಬೇಕು. ಅದು ಇಲ್ಲವಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು.

ಜಾತಿಯ ಪ್ರಶ್ನೆಯಿಲ್ಲದೆ, ಅಂಕದ ಮೇಲೆ ನಿಲ್ಲುವ ಕೇಂದ್ರದ ಯೋಜನೆಯೂ ಒಂದಿದೆ (ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್), ನಮ್ಮ ಹಳ್ಳಿ ಕಾಲೇಜುಗಳಲ್ಲಿ ಇದನ್ನು ಕೇಳಿದವರೇ ಕಡಿಮೆ. ಪಿಯು ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು (ಶೇ. 80 ಅಂಕವಲ್ಲ, ಪಾಸಾದವರಲ್ಲಿ ಮೇಲಿನ ಶೇ. 20ರೊಳಗೆ), ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಬೇರೆ ವಿದ್ಯಾರ್ಥಿವೇತನ ಪಡೆಯದವರು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ ವರ್ಷಕ್ಕೆ 20,000 ರೂ. ಬರುತ್ತದೆ. ಪಡೆದವರು ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಅರ್ಜಿ 'ಡಿಫೆಕ್ಟಿವ್' ಎಂದು ತೋರಿದರೆ ತಿರಸ್ಕಾರವಾಯಿತೆಂದು ಕೈಬಿಡಬೇಡಿ, ಅದು ತಿದ್ದಿ ಮತ್ತೆ ಸಲ್ಲಿಸಲು ಸಿಕ್ಕ ಅವಕಾಶ. ಅದಕ್ಕಿರುವ ಗಡುವು ಚಿಕ್ಕದು, ಆದ್ದರಿಂದ ವಾರಕ್ಕೊಮ್ಮೆ ಸ್ಥಿತಿ ನೋಡುತ್ತಿರಿ, ನೋಂದಾಯಿಸಿದ ಮೊಬೈಲ್ ಸಂಖ್ಯೆ ಬದಲಿಸಬೇಡಿ.