ಕಯಾಕಿನಲ್ಲಿ ಹಿಡಿದ ಮೀನು ಮನೆ ಮುಟ್ಟುವವರೆಗೆ ತಂಪಾಗಿರಲು: ಐಸ್ ಎಷ್ಟು, ಚೀಲ ಹೇಗೆ

ನಮ್ಮ ಕರಾವಳಿಯಲ್ಲಿ ಬೇಸಿಗೆಯ ಹೊತ್ತಿಗೆ ಕಡಲ ನೀರು 29–30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಗಷ್ಟೇ ಹಿಡಿದ ಬಂಗುಡೆಯ ಒಳಮಾಂಸವೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಅದನ್ನು ಕಾಲ ಬುಡದಲ್ಲಿ ಹಾಕಿಕೊಂಡು ಮತ್ತೆ ಗಾಳ ಬೀಸುತ್ತಾ ಕುಳಿತರೆ, ಬಿಸಿಲಿಗೆ ಕಾದ ಪ್ಲಾಸ್ಟಿಕ್ ಡೆಕ್ಕಿನ ಮೇಲೆ ಮೀನು ಇನ್ನಷ್ಟು ಬಿಸಿಯಾಗುತ್ತದೆ. ಬಾಯಿಗೆ ಹಗ್ಗ ಪೋಣಿಸಿ ನೀರಿನಲ್ಲಿ ಎಳೆದುಕೊಂಡು ಬರುವ ರೂಢಿಯೂ ಇದೆ. 30 ಡಿಗ್ರಿ ನೀರಿನಲ್ಲಿ ಸತ್ತ ಮೀನನ್ನು ಹಾಗೆ ಎಳೆಯುವುದೆಂದರೆ ಕೆಡಲು ಬಿಟ್ಟಂತೆಯೇ. ಮೀನು ಜೀವಂತ ಇರುವಷ್ಟು ಹೊತ್ತಿಗೆ ಮಾತ್ರ ಅದು ಸರಿ.

ಬಂಗುಡೆ, ಅಂಜಲ್, ಕೇದರ್, ಬೂತಾಯಿ ಹಿಡಿಯುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಬೆಚ್ಚಗಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ. ಅಂತಹ ಮೀನು ತಿಂದರೆ ಮುಖ ಕೆಂಪೇರುತ್ತದೆ, ತುರಿಕೆ, ತಲೆನೋವು ಬರುತ್ತದೆ. ಮೀನು ವಾಸನೆ ಬರುವ ಮೊದಲೇ ಹಿಸ್ಟಮಿನ್ ಆಗಿರಬಹುದು, ಒಮ್ಮೆ ಆದ ಮೇಲೆ ಎಷ್ಟು ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ಹಾಗಾಗಿ ಮೊದಲ ಗಂಟೆಯಲ್ಲಿ ಮೀನು ಎಷ್ಟು ಬೇಗ ತಂಪಾಗುತ್ತದೆ ಎಂಬುದೇ ಮುಖ್ಯ. ದಿನಪೂರ್ತಿ ಐಸ್ ಉಳಿಸಿಕೊಳ್ಳುವುದು ಆಮೇಲಿನ ಮಾತು.

ಎಷ್ಟು ಐಸ್

ಲೆಕ್ಕ ಸುಲಭ. ಒಂದು ಕಿಲೋ ಐಸ್ ಕರಗಲು ಸುಮಾರು 80 ಕಿಲೋಕ್ಯಾಲರಿ ಶಾಖ ಬೇಕು. 30 ಡಿಗ್ರಿಯಲ್ಲಿರುವ 3 ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ತೆಗೆಯಬೇಕಾದ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಬರೀ ಮೀನಿಗಾದರೆ ಮೂರು ಕಿಲೋಗೆ ಒಂದು ಕಿಲೋ ಐಸ್ ಸಾಕು. ಆದರೆ ಐಸ್ ತಿನ್ನುವುದು ಮೀನೊಂದೇ ಅಲ್ಲ. 20 ಮಿಲಿಮೀಟರ್ ಫೋಮ್ ಇರುವ ಮಧ್ಯಮ ಗಾತ್ರದ ಚೀಲದ ಗೋಡೆಯಿಂದ ಒಳಬರುವ ಶಾಖವೇ ಗಂಟೆಗೆ ಅರ್ಧ ಕಿಲೋದಷ್ಟು ಕರಗಿಸುತ್ತದೆ. ಬೆಳಿಗ್ಗೆ 6ರಿಂದ 11ರವರೆಗೆ ಎಂದರೆ ಎರಡೂವರೆ ಕಿಲೋ ಅಲ್ಲಿಗೇ ಹೋಯಿತು. 5 ಕಿಲೋ ಮೀನು ಸಿಗಬಹುದು ಎಂದುಕೊಂಡರೆ 5–6 ಕಿಲೋ ಐಸ್ ಒಯ್ಯಿರಿ. ಮೀನಿನಷ್ಟೇ ಐಸ್ ಎಂಬ ಮೀನುಗಾರರ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಮೀನುಗಾರಿಕಾ ಬಂದರಿನ ಐಸ್ ಪ್ಲಾಂಟಿನಲ್ಲಿ ಒಡೆದ ಐಸ್ ಸಿಕ್ಕರೆ ಅದೇ ಒಳ್ಳೆಯದು. ಬ್ಲಾಕ್ ತಂದರೆ ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ನೆಲ್ಲಿಕಾಯಿ ಗಾತ್ರಕ್ಕೆ ಒಡೆಯಿರಿ. ದೊಡ್ಡ ತುಂಡು ನಿಧಾನಕ್ಕೆ ಕರಗುತ್ತದೆ, ನಿಜ, ಆದರೆ ಮೀನಿಗೆ ತಾಗುವುದು ಎರಡು ಮೂರು ಕಡೆ ಮಾತ್ರ. ಮೀನಿಗೆಂದು ಮಾಡಿದ ಈ ಐಸ್ ಅನ್ನು ಶರಬತ್ತಿಗೆ ಹಾಕಬೇಡಿ.

ಮನೆಯ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಒಂದು ಲೀಟರ್ ಬಾಟಲಿಗಳೂ ಉಪಯೋಗಕ್ಕೆ ಬರುತ್ತವೆ. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುವುದರಿಂದ ಬಾಯಿಯ ಬಳಿ ಎರಡು ಮೂರು ಬೆರಳು ಖಾಲಿ ಬಿಡಿ. ಪೂರ್ತಿ ಗಟ್ಟಿಯಾಗಲು ಒಂದು ದಿನಕ್ಕಿಂತ ಕಡಿಮೆ ಸಮಯ ಕೊಡಬೇಡಿ. ಬಾಟಲಿ ಮಾತ್ರ ಒಯ್ದರೆ ಚೀಲ ತಂಪಾಗಿಯೇ ಇರುತ್ತದೆ, ಮೀನು ಮಾತ್ರ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ನಡುವೆ ಇರುವುದು ಬರೀ ಗಾಳಿ, ಗಾಳಿ ಶಾಖವನ್ನು ಬೇಗ ಸಾಗಿಸುವುದಿಲ್ಲ. ಅಡಿಯಲ್ಲಿ ಎರಡು ಬಾಟಲಿ, ಮೇಲೆ ಒಡೆದ ಐಸ್ ಹಾಕಿದರೆ ಎರಡೂ ಕೆಲಸ ಆಗುತ್ತದೆ. ಬಾಟಲಿಯೊಳಗೆ ಶುದ್ಧ ನೀರಿದ್ದರೆ ಕೊನೆಗೆ ಕುಡಿಯಲಿಕ್ಕೂ ಆಯಿತು.

ಚೀಲ

ಮೀನು ಮಾರುಕಟ್ಟೆಯ ಥರ್ಮಾಕೋಲ್ ಪೆಟ್ಟಿಗೆ ಕಯಾಕಿಗೆ ಬೇಡ. ತೆರೆಯ ಹೊಡೆತಕ್ಕೆ ಮೂಲೆ ಒಡೆಯುತ್ತದೆ, ಬಿಳಿ ಕಾಳುಗಳು ಕಡಲಿಗೆ ಹೋಗುತ್ತವೆ. ಗಟ್ಟಿ ಐಸ್ ಬಾಕ್ಸ್ ಎತ್ತರ ಜಾಸ್ತಿ, ಭಾರವೂ ಜಾಸ್ತಿ. ಸೀಟಿನ ಹಿಂದಿನ ಗುಂಡಿಯ ಅಳತೆಗೆ ಹೊಲಿಸಿದ, ಎತ್ತರ ಕಡಿಮೆಯ ಚೀಲವೇ ಲೇಸು. ಎರಡು ಪದರ 10 ಮಿಲಿಮೀಟರ್ ಇಪಿಇ (ಪಾಲಿಥಿನ್) ಫೋಮ್, ಹೊರಗೆ ಬಿಳಿ ಅಥವಾ ಬೆಳ್ಳಿ ಬಣ್ಣದ ಟಾರ್ಪಾಲಿನ್, ಒಳಗೆ ಹೊಲಿಗೆಯಿಲ್ಲದೆ ಬಿಸಿಗಾಳಿಯಿಂದ ಅಂಟಿಸಿದ ಪಿವಿಸಿ ಶೀಟ್, ಒಂದು ಮೂಲೆಯಲ್ಲಿ ತಿರುಪು ಮುಚ್ಚಳದ ನೀರುತೂತು. ಒಳಪದರಕ್ಕೆ ಸೂಜಿ ಹಾಕಿಸಿದರೆ ಆ ತೂತುಗಳಿಂದ ನೀರು ಫೋಮಿಗೆ ಇಳಿಯುತ್ತದೆ, ಆಮೇಲೆ ಆ ವಾಸನೆ ಹೋಗುವುದೇ ಇಲ್ಲ. ಕಪ್ಪು ಚೀಲ ಚಂದ ಕಾಣಬಹುದು, ಬಿಸಿಲಿಗೆ ಮಾತ್ರ ಅದು ಒಲೆ. ಅಂಜಲಿನಂತಹ ಉದ್ದ ಮೀನಿನ ಆಸೆ ಇದ್ದರೆ ಚೀಲ 90 ಸೆಂಟಿಮೀಟರ್ ಉದ್ದ ಇರಲಿ. ಬಾಗಿಸಿ ತುರುಕಿದ ಮೀನು ಹಾಗೆಯೇ ಸೆಟೆದುಕೊಳ್ಳುತ್ತದೆ. ಮತ್ತೆ ಎಳೆದು ನೇರ ಮಾಡಿದರೆ ಮಾಂಸ ಪದರ ಪದರವಾಗಿ ಬಿರಿಯುತ್ತದೆ.

ಚೀಲವನ್ನು ಬಂಜಿ ಹಗ್ಗದಿಂದ (ಎಳೆದರೆ ಹಿಗ್ಗುವ ಹಗ್ಗ) ಬಿಗಿದು, ಜೊತೆಗೆ ಕ್ಲಿಪ್ಪಿನ ಹಗ್ಗವೊಂದನ್ನು ಕಯಾಕಿಗೆ ಕಟ್ಟಿ. ಮಗುಚಿದಾಗ ಬಂಜಿ ಬಿಚ್ಚಿಕೊಳ್ಳುತ್ತದೆ. ಹಿಂಬದಿಯಲ್ಲಿ 10 ಕಿಲೋ ಸೇರಿದರೆ ಮೂತಿ ಮೇಲೆದ್ದು ಗಾಳಿಗೆ ತಿರುಗತೊಡಗುತ್ತದೆ. ಆಗ ಆಂಕರ್, ನೀರಿನ ಕ್ಯಾನ್ ಮುಂತಾದವನ್ನು ಮುಂದಕ್ಕೆ ಸರಿಸಿ.

ಮೀನು ಬಂದ ಮೇಲೆ

ಮೊದಲ ಮೀನು ಸಿಗುತ್ತಿದ್ದಂತೆ ಐಸಿಗೆ ಉಪ್ಪುನೀರು ಸೇರಿಸಿ ಗಂಜಿಯಂತಹ ತಣ್ಣೀರು ಮಾಡಿ: ಎರಡು ಪಾಲು ಐಸ್, ಒಂದು ಪಾಲು ನೀರು. ಉಪ್ಪಿನಿಂದಾಗಿ ಇದು ಸೊನ್ನೆಗಿಂತ ಒಂದು ಡಿಗ್ರಿಯಷ್ಟು ಕೆಳಗಿಳಿಯುತ್ತದೆ, ಮೀನಿನ ಮೈಗೆ ಎಲ್ಲ ಕಡೆಯೂ ತಾಗುತ್ತದೆ. ಕಡಲ ನೀರನ್ನೇ ಮೊಗೆದು ಹಾಕಬಹುದು. ಆದರೆ 2 ಲೀಟರ್ ಬೆಚ್ಚನೆಯ ನೀರು ಮುಕ್ಕಾಲು ಕಿಲೋದಷ್ಟು ಐಸ್ ನುಂಗುತ್ತದೆ. ಅದರ ಬದಲು 2 ಲೀಟರ್ ನೀರಿಗೆ 70 ಗ್ರಾಂ ಉಪ್ಪು ಕಲಸಿ, ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ಒಯ್ಯಿರಿ. ಅಳಿವೆಯಲ್ಲಿ ಗಾಳ ಹಾಕುವವರಿಗೆ ಇದೇ ದಾರಿ, ಅಲ್ಲಿನ ನೀರಿನಲ್ಲಿ ಉಪ್ಪೂ ಕಡಿಮೆ, ಕೊಳೆಯೂ ಜಾಸ್ತಿ.

1. ಮೀನಿನ ತಲೆಗೆ ಮೊಂಡು ಕೋಲಿನಿಂದ ಒಂದೇ ಬಲವಾದ ಏಟು ಕೊಡಿ. ಒದ್ದಾಡಿ ಸತ್ತ ಮೀನಿನ ಮಾಂಸ ಬೇಗ ಮೆತ್ತಗಾಗುತ್ತದೆ.
2. ಕೂಡಲೇ ಎರಡೂ ಕಡೆಯ ಕಿವಿರಿನ ಕಮಾನು ಕತ್ತರಿಸಿ, ರಕ್ತ ಹರಿದುಹೋಗಲು ತಲೆ ಕೆಳಗೆ ಮಾಡಿ ಎರಡು ಮೂರು ನಿಮಿಷ ನೀರಿನಲ್ಲಿ ಹಿಡಿಯಿರಿ. ಚಾಕುವಿಗಿಂತ ಕತ್ತರಿ ಕ್ಷೇಮ.
3. ನೇರವಾಗಿ ತಣ್ಣೀರಿಗೆ ಇಳಿಸಿ, ಜಿಪ್ ಹಾಕಿ. ಹಿಡಿದ ಮೀನನ್ನು ಮತ್ತೆ ಮತ್ತೆ ತೆರೆದು ನೋಡುವ ಚಪಲಕ್ಕೆ ಐಸ್ ಬೆಲೆ ತೆರುತ್ತದೆ.

ಅಂಗೈಯಗಲದ ಬಂಗುಡೆ ಅರ್ಧ ಮುಕ್ಕಾಲು ಗಂಟೆಯಲ್ಲಿ ತಣ್ಣಗಾದೀತು. ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ದೊಡ್ಡ ಅಂಜಲ್ ಹೊರಗೆ ತಣ್ಣಗಿದ್ದೂ ಬೆನ್ನುಮೂಳೆಯ ಬಳಿ ಬೆಚ್ಚಗೇ ಇರುತ್ತದೆ. 2–3 ಕಿಲೋ ಮೀರಿದ ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು, ಒಳಗೆ ಐಸ್ ತುಂಬಬೇಕು. ಅಲೆಯಲ್ಲಿ ತೂಗುವ ಕಯಾಕಿನಲ್ಲಿ ಆ ಕೆಲಸ ಬೇಡ, ಹತ್ತಿರದ ಮರಳದಿಣ್ಣೆಗೆ ಹೋಗಿ ಮಾಡಿ. ಚಿಕ್ಕ ಮೀನಿನ ಹೊಟ್ಟೆ ತೆರೆಯಲು ಮನೆಯವರೆಗೂ ಕಾಯಬಹುದು. ಆದರೆ ಹೊಟ್ಟೆ ಬಿರಿಯೆ ತಿಂದ ಬೂತಾಯಿ, ಬಂಗುಡೆ ತಂಪಾಗುವುದು ತಡವಾದರೆ ಜೀರ್ಣರಸವೇ ಹೊಟ್ಟೆಗೋಡೆಯನ್ನು ಕರಗಿಸಿ ಒಡೆಯುತ್ತದೆ.

ದಡಕ್ಕೆ ತಿರುಗುವಾಗ, ತೆರೆ ಒಡೆಯುವ ಜಾಗಕ್ಕೆ ಬರುವ ಮೊದಲೇ ಮೂಲೆಯ ಮುಚ್ಚಳ ತಿರುಗಿಸಿ ನೀರು ಬಿಟ್ಟುಬಿಡಿ. ಚೀಲದೊಳಗೆ ಅತ್ತಿತ್ತ ಹೊಯ್ದಾಡುವ ನಾಲ್ಕೈದು ಲೀಟರ್ ನೀರು, ಕಯಾಕ್ ವಾಲಿದ ಕಡೆಗೇ ನುಗ್ಗಿ ಮಗುಚಿಸುತ್ತದೆ. ಉಳಿದ ಐಸ್ ಮೀನಿನ ಮೇಲೆ ಹರಡಿರಲಿ. ಕರಗಿದ ಸಿಹಿನೀರಿನಲ್ಲಿ ಮೀನು ಗಂಟೆಗಟ್ಟಲೆ ಮುಳುಗಿದರೆ ಕಣ್ಣು ಬೆಳ್ಳಗಾಗಿ, ಕಿವಿರು ಬಣ್ಣಗೆಡುತ್ತದೆ. ಆದ್ದರಿಂದ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಚೀಲವನ್ನು ನೀರುತೂತಿನ ಕಡೆಗೆ ವಾಲಿಸಿ ಇಡಿ. ಹೊರಡುವ ಮುನ್ನ ಅಡುಗೆಯ ಚುಚ್ಚು ಥರ್ಮಾಮೀಟರನ್ನು ಅತಿ ದಪ್ಪ ಮೀನಿನ ಬೆನ್ನಿಗೆ ಮೂಳೆ ತಾಗುವವರೆಗೆ ಇಳಿಸಿ ನೋಡಿ. 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಿ, ಇಲ್ಲದಿದ್ದರೆ ದಾರಿಯಲ್ಲೇ ಐಸ್ ಕೊಳ್ಳಿ.

ಚೀಲ ತೊಳೆಯಲು 5 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಸಾಕು. ಹತ್ತು ನಿಮಿಷ ಬಿಟ್ಟು ತೊಳೆದು, ಬಾಯಿ ತೆರೆದು ನೆರಳಲ್ಲಿ ಒಣಗಿಸಿ. ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿಡಿ, ಉಪ್ಪು ಕಟ್ಟಿದ ಜಿಪ್ ಮುಂದಿನ ಸಲ ಮೀನು ಕೈಯಲ್ಲಿರುವಾಗಲೇ ಸಿಕ್ಕಿಹಾಕಿಕೊಳ್ಳುತ್ತದೆ.